ಸುಂಕ, ಗಂಟೆ, ಬಲಿ: ‘ಟೋಲ್’ ಎಂಬ ಪದದ ಸುತ್ತ

ಸೇಲಂನಿಂದ ಬೆಂಗಳೂರಿಗೆ ಬರುವ ಹೆದ್ದಾರಿಯಲ್ಲಿ ಓಮಲೂರಿನ ಬಳಿ ಒಮ್ಮೆ, ಕೃಷ್ಣಗಿರಿಯ ಬಳಿ ಇನ್ನೊಮ್ಮೆ ವಾಹನಗಳು ನಿಂತು ಹಣ ತೆತ್ತು ಮುಂದೆ ಸಾಗುತ್ತವೆ. ಅಲ್ಲಿಯ ಫಲಕದ ಮೇಲೆ ಇಂಗ್ಲಿಷಿನಲ್ಲಿ ‘ಟೋಲ್’ ಎಂದಿದೆ, ತಮಿಳಿನಲ್ಲಿ ‘ಸುಂಗಚ್ಚಾವಡಿ’ ಎಂದಿದೆ. ಈ ಎರಡು ಕಟ್ಟೆಗಳ ನಡುವೆ ತೊಪ್ಪೂರು ಘಾಟಿ ಇದೆ. ಇಳಿಜಾರಿನಲ್ಲಿ ಲಾರಿಗಳು ಹಿಡಿತ ತಪ್ಪಿ ಅಪಘಾತಗಳಾಗುವುದಕ್ಕೆ ಆ ಘಾಟಿ ಕುಖ್ಯಾತವಾದುದು. ಅಂಥದೊಂದು ಅಪಘಾತದ ಮರುದಿನ ಇಂಗ್ಲಿಷ್ ಪತ್ರಿಕೆಯನ್ನು ತೆರೆದರೆ ‘ಟೋಲ್ ಐದಕ್ಕೆ ಏರಿತು’ ಎಂಬ ಬಗೆಯ ತಲೆಬರಹ ಕಾಣುತ್ತದೆ. ಫಲಕದ ಮೇಲಿನ ಪದವೇ ಪತ್ರಿಕೆಯಲ್ಲಿಯೂ ಇದೆ. ಒಂದು ಕಡೆ ಅದು ಹಣವನ್ನು ಎಣಿಸುತ್ತದೆ, ಇನ್ನೊಂದು ಕಡೆ ಹೆಣಗಳನ್ನು.

ಅನುವಾದದ ತರಗತಿಯಲ್ಲಿ ಇಂಥ ತಲೆಬರಹವನ್ನು ಕೊಟ್ಟಾಗ ‘ಸುಂಕ ಐದಕ್ಕೆ ಏರಿಕೆ’ ಎಂದು ಬರೆದವರುಂಟು. ಅದನ್ನು ಓದಿ ಉಳಿದವರು ನಕ್ಕದ್ದೂ ಉಂಟು. ನಗುವ ಮೊದಲು ಸ್ವಲ್ಪ ನಿಂತು ನೋಡಬೇಕಾದ ತಪ್ಪು ಅದು. ಐದು ಜನ ಸತ್ತ ಸುದ್ದಿ ಐದು ರೂಪಾಯಿಯ ಸುದ್ದಿಯಾಗಿ ಹೋಯಿತೆಂಬುದು ನಿಜ. ಆದರೆ ಆ ವಿದ್ಯಾರ್ಥಿಯ ಕೈ ತಡಕಿದ ಬೇರು ಸರಿಯಾದದ್ದೇ ಆಗಿತ್ತು. ‘ಇಲ್ಲ ಸರ್, ಇದು ಚರ್ಚಿನ ಗಂಟೆ ಬಾರಿಸುವ ಟೋಲ್, ಸತ್ತಾಗ ಬಾರಿಸುತ್ತಾರಲ್ಲ, ಅದರಿಂದ ಬಂದದ್ದು’ ಎಂದು ತಿದ್ದಲು ಹೊರಟ ಜಾಣರ ವಿವರಣೆಯಲ್ಲಿಯೇ ದೋಷವಿತ್ತು. ಇದು ಹೇಗೆ ಎಂಬುದನ್ನು ವಿವರಿಸುವುದಕ್ಕಾಗಿ ಈ ಲೇಖನ.

ಮೊದಲು ಸುಂಕದ ‘ಟೋಲ್’. ಇದು ಇಂಗ್ಲಿಷಿನ ಬಹು ಹಳೆಯ ಪದಗಳಲ್ಲಿ ಒಂದು. ಜರ್ಮನಿನ ‘ತ್ಸೋಲ್’, ಡಚ್ಚಿನ ‘ಟೋಲ್’ ಇದರ ಸೋದರರು. ವಿದ್ವಾಂಸರು ಇದರ ಮೂಲವನ್ನು ಲ್ಯಾಟಿನ್ನಿನ ಮೂಲಕ ಗ್ರೀಕಿಗೆ ಒಯ್ಯುತ್ತಾರೆ. ಗ್ರೀಕಿನಲ್ಲಿ ‘ತೆಲೋಸ್’ ಎಂದರೆ ತೆರಿಗೆ, ‘ತೆಲೋನಿಯೊನ್’ ಎಂದರೆ ಸುಂಕದ ಕಟ್ಟೆ, ‘ತೆಲೋನೇಸ್’ ಎಂದರೆ ಸುಂಕ ವಸೂಲು ಮಾಡುವವನು. ಕನ್ನಡ ಬೈಬಲನ್ನು ಓದಿದವರಿಗೆ ಮತ್ತಾಯನು ‘ಸುಂಕದವನು’ ಎಂಬುದು ಗೊತ್ತಿರುತ್ತದೆ. ಮೂಲದಲ್ಲಿ ಅಲ್ಲಿರುವುದು ‘ತೆಲೋನೇಸ್’ ಎಂಬ ಪದವೇ. ಅಂದರೆ ಕನ್ನಡ ಅನುವಾದಕರು ಗ್ರೀಕ್ ಪದಕ್ಕೆ ಆರಿಸಿಕೊಂಡ ‘ಸುಂಕ’ವೂ ಓಮಲೂರಿನ ಫಲಕದ ‘ಟೋಲ್’ಗೆ ತಮಿಳರು ಆರಿಸಿಕೊಂಡ ‘ಸುಂಗ’ವೂ ಒಂದೇ ಪದ, ಎರಡೂ ತಲಪುವುದು ಒಂದೇ ಗ್ರೀಕ್ ಮೂಲಕ್ಕೆ.

ಈ ‘ಟೋಲ್’ ಬರಿಯ ದಾರಿಯ ಹಣವಾಗಿರಲಿಲ್ಲ. ಹಿಂದೆ ಇಂಗ್ಲೆಂಡಿನ ಹಳ್ಳಿಗಳಲ್ಲಿ ಕಾಳು ಬೀಸಿಕೊಡುವ ಗಿರಣಿಯವನು ಕೂಲಿಯಾಗಿ ಆ ಕಾಳಿನಲ್ಲಿಯೇ ಒಂದು ಪಾಲನ್ನು ಇಟ್ಟುಕೊಳ್ಳುತ್ತಿದ್ದನು. ಆ ಪಾಲಿಗೂ ‘ಟೋಲ್’ ಎಂದೇ ಹೆಸರು. ಚಾಸರ್ ಕವಿಯ ‘ಕ್ಯಾಂಟರ್ಬರಿ ಕಥೆಗಳು’ ಕೃತಿಯಲ್ಲಿ ಬರುವ ಗಿರಣಿಯವನು ಒಂದಕ್ಕೆ ಮೂರು ಪಾಲು ಹೊಡೆಯುವ ಕಳ್ಳ. ಈ ‘ಪಾಲು’ ಎಂಬ ಅರ್ಥವನ್ನು ನೀವು ನೆನಪಿನಲ್ಲಿಡಬೇಕು. ನಮ್ಮ ವಸ್ತುವಿನಿಂದ ಬಲವಂತವಾಗಿ ಒಂದಂಶವನ್ನು ಕಿತ್ತುಕೊಳ್ಳುವುದು ಎಂಬ ಭಾವವು ಇದರಲ್ಲಿದೆ. ಬಿರುಗಾಳಿ, ರೋಗ, ಯುದ್ಧ, ರಸ್ತೆ ಇವೆಲ್ಲ ಗಿರಣಿಯವನಂತೆ ಜನರಲ್ಲಿ ತಮ್ಮ ಪಾಲನ್ನು ಕಿತ್ತುಕೊಳ್ಳುತ್ತವೆ ಎಂಬ ಕಲ್ಪನೆಯಿಂದ ‘ಸತ್ತವರ ಸಂಖ್ಯೆ’ ಎಂಬ ಅರ್ಥವು ಹುಟ್ಟಿತು. ಪತ್ರಿಕೆಯ ತಲೆಬರಹದ ‘ಟೋಲ್’ ಸುಂಕದ ವಂಶದ್ದೇ ಹೊರತು ಗಂಟೆಯ ವಂಶದ್ದಲ್ಲ.

ಗಂಟೆಯ ‘ಟೋಲ್’ ಬೇರೆಯೇ ಪದ. ‘ಎಳೆ, ಸೆಳೆ’ ಎಂಬ ಅರ್ಥದ ಹಳೆಯ ಕ್ರಿಯಾಪದವೊಂದರಿಂದ ಇದು ಬಂದಿರಬೇಕೆಂದು ನಿಘಂಟುಕಾರರು ಊಹಿಸುತ್ತಾರೆ. ಚರ್ಚಿನ ಗೋಪುರದ ಗಂಟೆಯನ್ನು ಬಾರಿಸುವುದು ಹಗ್ಗವನ್ನು ಎಳೆದೇ ತಾನೆ! ಗಂಟೆಯ ಯಾವ ಸದ್ದನ್ನಾದರೂ ಈ ಪದದಿಂದ ಹೇಳಲಾಗದು. ಹಬ್ಬದ ದಿನ ಹಲವು ಗಂಟೆಗಳು ಒಟ್ಟಿಗೆ ಮೊಳಗುವುದಕ್ಕೆ ಬೇರೆ ಪದವಿದೆ, ಗಡಿಯಾರದ ಇಂಪಾದ ನಾದಕ್ಕೆ ಮತ್ತೊಂದಿದೆ. ಒಂದೇ ಗಂಟೆಯನ್ನು ನಿಧಾನವಾಗಿ, ಸಮಾನ ಅಂತರದಲ್ಲಿ, ಒಂದೊಂದೇ ಪೆಟ್ಟಿನಂತೆ ಬಾರಿಸಿದರೆ ಮಾತ್ರ ಅದು ‘ಟೋಲ್’. ಗ್ರೇ ಕವಿಯ ಪ್ರಸಿದ್ಧ ಶೋಕಗೀತೆ ತೊಡಗುವುದೇ ಸಂಜೆಯ ಗಂಟೆಯ ಇಂಥ ಸದ್ದಿನಿಂದ. ಹೆಮಿಂಗ್ವೇ 1940ರಲ್ಲಿ ಪ್ರಕಟಿಸಿದ ಕಾದಂಬರಿಯ ಹೆಸರಿನಲ್ಲಿಯೂ ಈ ಗಂಟೆಯೇ ಇದೆ. ಆ ಹೆಸರನ್ನು ಅವನು ಜಾನ್ ಡನ್ 1624ರಲ್ಲಿ ಪ್ರಕಟಿಸಿದ ಗದ್ಯಚಿಂತನೆಯಿಂದ ಎತ್ತಿಕೊಂಡನು.

ಇಂಗ್ಲೆಂಡಿನ ಕೆಲವು ಊರುಗಳಲ್ಲಿ ಸಾವಿನ ಗಂಟೆಗೆ ಲೆಕ್ಕವೂ ಇತ್ತು. ಸತ್ತವನು ಗಂಡಸಾದರೆ ಒಂಬತ್ತು ಪೆಟ್ಟು, ಹೆಂಗಸಾದರೆ ಆರು, ಆಮೇಲೆ ತೀರಿಕೊಂಡವರ ವಯಸ್ಸಿಗೆ ತಕ್ಕಷ್ಟು ಪೆಟ್ಟುಗಳು. ಹೊಲದಲ್ಲಿ ಕೆಲಸ ಮಾಡುತ್ತಿದ್ದವರು ಎಣಿಸಿಕೊಂಡು, ಹೋದವರು ಯಾರೆಂದು ತಿಳಿಯುತ್ತಿದ್ದರಂತೆ. ಸಾವು, ಗಂಟೆ, ಎಣಿಕೆ ಮೂರೂ ಹೀಗೆ ಒಂದೆಡೆ ಕೂಡಿದ್ದರಿಂದ, ಸತ್ತವರ ಸಂಖ್ಯೆಯ ‘ಟೋಲ್’ ಗಂಟೆಯಿಂದಲೇ ಬಂದದ್ದೆಂದು ಇಂಗ್ಲಿಷ್ ಮನೆಮಾತಿನವರೂ ನಂಬುತ್ತಾರೆ. ನಂಬಿಕೆಗೆ ತಕ್ಕಂತೆ ಇರುವ ವ್ಯುತ್ಪತ್ತಿಯೆಲ್ಲ ನಿಜವಾದ ವ್ಯುತ್ಪತ್ತಿಯಲ್ಲ. ಎರಡು ಪದಗಳು ಒಂದೇ ವೇಷ ಧರಿಸಿ ಅಕ್ಕಪಕ್ಕ ನಿಂತಾಗ ಜನ ಅವುಗಳಿಗೆ ನಂಟು ಕಲ್ಪಿಸುವುದು ಸಹಜ. ಇಂಗ್ಲಿಷಿನ ನ್ಯಾಯಶಾಸ್ತ್ರದಲ್ಲಿ ಇನ್ನೂ ಒಂದು ‘ಟೋಲ್’ ಇದೆ. ದಾವೆಯ ಕಾಲಮಿತಿಯ ಓಟವನ್ನು ತಡೆಯುವುದು ಅದರ ಅರ್ಥ. ‘ಎತ್ತು, ತೆಗೆದುಹಾಕು’ ಎಂಬ ಲ್ಯಾಟಿನ್ ಧಾತುವಿನಿಂದ ಬಂದ ಅದಕ್ಕೆ ಈ ಎರಡರೊಡನೆಯೂ ಸಂಬಂಧವಿಲ್ಲ. ಅದನ್ನು ಕಾನೂನಿನ ವಿದ್ಯಾರ್ಥಿಗಳಿಗೆ ಬಿಡೋಣ.

ನನ್ನ ಶಾಲಾ ವಿದ್ಯಾಭ್ಯಾಸ ನಡೆದುದು ಮರಾಠಿ, ಕನ್ನಡ ಎರಡರಲ್ಲಿ. ಆದುದರಿಂದ ಇಂಥದೇ ಒಂದು ಮೋಸದ ನಂಟು ನನಗೆ ಬಹಳ ಹಿಂದಿನಿಂದ ಪರಿಚಿತ. ಮರಾಠಿಯಲ್ಲಿ ‘ಟೋಲಾ’ ಎಂದರೆ ಪೆಟ್ಟು. ಚಿನ್ನಿದಾಂಡಿನಲ್ಲಿ ಚಿನ್ನಿಗೆ ಬೀಳುವ ಹೊಡೆತವೂ ಟೋಲಾ, ಗಡಿಯಾರ ಹನ್ನೆರಡು ಬಾರಿಸಿದರೆ ಅವು ಹನ್ನೆರಡು ‘ಟೋಲೇ’. ಅದೇ ಮರಾಠಿಯಲ್ಲಿ ಇಂದು ‘ಟೋಲ್ ನಾಕಾ’ ಎಂದರೆ ಸುಂಕದ ಕಟ್ಟೆ. ಹೀಗೆ ಮರಾಠಿಯಲ್ಲಿಯೂ ಗಂಟೆಯ ಪೆಟ್ಟು, ದಾರಿಯ ಸುಂಕ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಸದ್ದು! ಒಂದು ದೇಶೀಯ, ಇನ್ನೊಂದು ಇಂಗ್ಲಿಷಿನ ಸಾಲ, ಸಂಬಂಧ ಶೂನ್ಯ. ಧಾರವಾಡದವರು ದಿನವೂ ‘ಟೋಲ್ ನಾಕಾ’ ಎಂದು ಒಂದು ಬಡಾವಣೆಯನ್ನೇ ಕರೆಯುತ್ತಾರೆ. ಅಲ್ಲಿ ಗಂಟೆ ಎಲ್ಲಿದೆ ಎಂದು ಯಾರೂ ಕೇಳುವುದಿಲ್ಲ.

ಇನ್ನು ಕನ್ನಡದ ಮಾತು. ಇಂಗ್ಲಿಷಿನಲ್ಲಿ ಎರಡು ಬೇರು ಒಂದೇ ರೂಪಕ್ಕೆ ಬಂದು ನಿಂತಿದ್ದರೆ, ಕನ್ನಡದಲ್ಲಿ ಒಂದೇ ಬೇರು ಎರಡು ರೂಪಗಳಾಗಿ ಒಡೆಯಿತು. ಸಂಸ್ಕೃತದ ‘ಶುಲ್ಕ’ವು ತತ್ಸಮವಾಗಿ ‘ಶುಲ್ಕ’ ಎಂದೇ ಉಳಿದಿದೆ, ತದ್ಭವವಾಗಿ ‘ಸುಂಕ’ವೂ ಆಗಿದೆ. ಮೂಲವೊಂದೇ ಆದರೂ ಬಳಕೆಯಲ್ಲಿ ಇವು ಬೆರೆಯುವುದಿಲ್ಲ. ಪರೀಕ್ಷೆಗೆ ಶುಲ್ಕ ಕಟ್ಟುತ್ತೇವೆ, ಸುಂಕ ಕಟ್ಟುವುದಿಲ್ಲ. ಬಂದರಿನಲ್ಲಿ ಸರಕಿಗೆ ಸುಂಕ ತೆರುತ್ತಾರೆ. ಇಂಗ್ಲಿಷಿನ ‘ಟೋಲ್ ಫ್ರೀ’ ದೂರವಾಣಿ ಕನ್ನಡದಲ್ಲಿ ಶುಲ್ಕರಹಿತ. ಅದನ್ನು ‘ಸುಂಕವಿಲ್ಲದ ದೂರವಾಣಿ’ ಎಂದರೆ ಕಿವಿಗೆ ಒಗ್ಗುವುದಿಲ್ಲ. ತತ್ಸಮವು ಕಚೇರಿಯ ಮರ್ಯಾದೆಯನ್ನೂ ತದ್ಭವವು ದಾರಿಯ ಧೂಳನ್ನೂ ಹಂಚಿಕೊಂಡಿವೆ.

ಶಾಸನಗಳಲ್ಲಿ ಸುಂಕದ ಸಂಸಾರ ದೊಡ್ಡದು. ‘ಪೆರ್ಜುಂಕ’ ಎಂಬ ಪದವನ್ನು ನೋಡಿರಿ. ‘ಪಿರಿದು’ ಎಂಬುದರ ಸಮಾಸರೂಪವಾದ ‘ಪೆರ್’ ‘ಸುಂಕ’ದೊಡನೆ ಸೇರಿದಾಗ ಸಕಾರಕ್ಕೆ ಜಕಾರವು ಆದೇಶವಾಗಿದೆ, ‘ಮುನ್’ ಮತ್ತು ‘ಸೆರಗು’ ಸೇರಿ ‘ಮುಂಜೆರಗು’ ಆದಂತೆ. ಮುಂದೆ ಪಕಾರವು ಹಕಾರವಾಗಿ, ರೇಫೆಯು ಲೋಪಿಸಿ ‘ಹೆಜ್ಜುಂಕ’ವಾಯಿತು, ‘ಪೆರ್ಗಡೆ’ ‘ಹೆಗ್ಗಡೆ’ಯಾದ ದಾರಿಯೂ ಇದೇ. ಪರೀಕ್ಷೆಯ ದೃಷ್ಟಿಯಿಂದಲೂ ಇದು ಒಳ್ಳೆಯ ಉದಾಹರಣೆ. ಹೆಜ್ಜುಂಕವು ದೊಡ್ಡ ಸುಂಕ. ಚಿಲ್ಲರೆ ಸುಂಕಗಳಿಗೆ ಶಾಸನಗಳಲ್ಲಿ ‘ಕಿರುಕುಳ’ ಎಂಬ ಹೆಸರು ಬರುತ್ತದೆ. ಈ ಪದದ ಇಂದಿನ ಅರ್ಥವನ್ನು ನಾನು ಹೇಳಬೇಕಾಗಿಲ್ಲ.

ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ಸುಂಕದ ಬಂಕಣ್ಣನೆಂಬ ಶರಣನಿದ್ದನು. ಕಾಯಕದಿಂದ ಅವನು ಸುಂಕದ ಕಟ್ಟೆಯವನು. ‘ಬಂಕೇಶ್ವರಲಿಂಗ’ ಎಂಬುದು ಅವನ ಅಂಕಿತ. ಹೇರು, ಕಟ್ಟೆ, ಸುಂಕ ಇವನ್ನೇ ಅವನು ತನ್ನ ಅನುಭಾವದ ಪರಿಭಾಷೆಯಾಗಿ ಮಾಡಿಕೊಂಡನು. ಜನಸಾಮಾನ್ಯರ ಗಾದೆಯಾದರೋ ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಪ್ರಯೋಜನವಿಲ್ಲ ಎನ್ನುತ್ತದೆ. ಬಂಕಣ್ಣನನ್ನು ಓದುವವರು ಗಾದೆಗೂ ಒಂದು ಅಪವಾದವಿದೆಯೆಂದು ತಿಳಿಯಬಹುದು.

ಸಂಸ್ಕೃತದಲ್ಲಿ ‘ಘಟ್ಟಕುಟೀಪ್ರಭಾತ’ ಎಂಬೊಂದು ನ್ಯಾಯವಿದೆ. ಸುಂಕವನ್ನು ತಪ್ಪಿಸಿಕೊಳ್ಳಲು ರಾತ್ರಿಯೆಲ್ಲ ಅಡ್ಡದಾರಿಯಲ್ಲಿ ಬಂಡಿ ಹೊಡೆದವನಿಗೆ, ಬೆಳಗಾದಾಗ ಕಣ್ಣೆದುರು ಕಂಡದ್ದು ಅದೇ ಸುಂಕದ ಗುಡಿಸಲು! ತಪ್ಪಿಸಿಕೊಳ್ಳಲು ಹೊರಟದ್ದೇ ಎದುರಾದರೆ ಪಂಡಿತರು ಈ ನ್ಯಾಯವನ್ನು ಉದಾಹರಿಸುತ್ತಾರೆ. ನಮ್ಮ ಹೆದ್ದಾರಿಗಳ ಇಕ್ಕೆಲದ ಹಳ್ಳಿದಾರಿಗಳಲ್ಲಿ ಇಂದಿಗೂ ಈ ನ್ಯಾಯ ಜೀವಂತವಾಗಿದೆ. ತಮಿಳುನಾಡಿನವರಿಗೆ ಬೇರೊಂದು ನೆನಪಿದೆ. ಮೊದಲನೆಯ ಕುಲೋತ್ತುಂಗ ಚೋಳನಿಗೆ ‘ಸುಂಗಂ ತವಿರ್ತ್ತ’ ಎಂಬ ಬಿರುದು, ಅಂದರೆ ಸುಂಕವನ್ನು ತೊಲಗಿಸಿದವನು. ಒಂಬೈನೂರು ವರ್ಷಗಳ ಹಿಂದಿನ ಅರಸನೊಬ್ಬನನ್ನು ಜನ ಯಾವುದಕ್ಕಾಗಿ ನೆನೆಯುತ್ತಾರೆ ನೋಡಿರಿ.

ಸುಂಕದ ಹಾದಿಯಲ್ಲಿ ದೂರ ಬಂದೆವು. ಒಂದೇ ರೂಪದ ಎರಡು ಪದಗಳ ಪ್ರಶ್ನೆಗೆ ಮರಳೋಣ. ನಮ್ಮ ತರಗತಿಗಳಲ್ಲಿ ‘ನಾನಾರ್ಥ’ ಎಂಬ ಒಂದೇ ಶೀರ್ಷಿಕೆಯಡಿ ಎಲ್ಲವನ್ನೂ ತುಂಬುವ ಅಭ್ಯಾಸವಿದೆ. ಇದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ‘ಗಂಟೆ’ ಎಂದರೆ ಬಾರಿಸುವ ಗಂಟೆಯೂ ಹೌದು, ಅರುವತ್ತು ನಿಮಿಷಗಳ ಅವಧಿಯೂ ಹೌದು. ಅಲ್ಲಿ ಪದ ಒಂದೇ. ಕಾಲವನ್ನು ಸಾರಲು ಗಂಟೆ ಬಾರಿಸುತ್ತಿದ್ದುದರಿಂದ ಅರ್ಥವು ಕವಲೊಡೆದಿದೆ. ಆದರೆ ‘ಬಾಳು’ ಹಾಗಲ್ಲ. ‘ಬಾಳು’ ಎಂದರೆ ಬದುಕು, ‘ಬಾಳು’ ಎಂದರೆ ಕತ್ತಿ. ಇವು ಒಂದು ಪದದ ಎರಡು ಅರ್ಥಗಳಲ್ಲ, ಎರಡು ಪದಗಳು. ಹಳಗನ್ನಡದಲ್ಲಿ ಬದುಕು ‘ಬಾೞ್’, ಕತ್ತಿ ‘ಬಾಳ್’. ೞಕಾರವು ಕಾಲಕ್ರಮದಲ್ಲಿ ಳಕಾರದೊಡನೆ ಕೂಡಿಹೋದುದರಿಂದ ಇಬ್ಬರೂ ಒಂದೇ ಬಟ್ಟೆ ತೊಟ್ಟರು. ಹಾಗೆಯೇ ಹಸುವನ್ನು ‘ಕಱೆ’ಯುವುದೂ ಗೆಳೆಯನನ್ನು ‘ಕರೆ’ಯುವುದೂ ಇಂದು ಒಂದೇ ಬರೆವಣಿಗೆ. ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ೞಕಾರವುಳ್ಳ ಪದಗಳನ್ನು ಶ್ರಮವಹಿಸಿ ಪಟ್ಟಿಮಾಡಿದ್ದು ಹದಿಮೂರನೆಯ ಶತಮಾನದಲ್ಲಿ. ಆ ಹೊತ್ತಿಗಾಗಲೇ ಆಡುವ ಬಾಯಿಗೆ ಆ ವ್ಯತ್ಯಾಸ ಮಸುಕಾಗುತ್ತಿದ್ದಿರಬೇಕು. ಇಲ್ಲವಾದರೆ ಪಟ್ಟಿಯ ಅಗತ್ಯವೇನಿತ್ತು?

ಇಲ್ಲಿ ಕೊಳತ್ತೂರು, ಮೇಟ್ಟೂರು ಕಡೆಯ ವಿದ್ಯಾರ್ಥಿಗಳಿಗೆ ಒಂದು ಮಾತು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಎಂಬ ನಿಮ್ಮ ಸ್ಥಿತಿಯನ್ನು ಕೊರತೆಯೆಂದು ತಿಳಿಯಬೇಡಿರಿ. ಹಳಗನ್ನಡದ ಪಾಠದಲ್ಲಿ ಉಳಿದವರು ಬಾಯಿಪಾಠ ಮಾಡುವುದನ್ನು ನೀವು ಬಸ್ಸಿನ ಫಲಕ ಓದುವಾಗಲೇ ಕಲಿತಿದ್ದೀರಿ. ತಮಿಳಿನಲ್ಲಿ ಬದುಕಿಗೆ ‘ವಾೞ್’, ಕತ್ತಿಗೆ ‘ವಾಳ್’. ಇಂದಿಗೂ ಬೇರೆ ಬೇರೆ ಅಕ್ಷರ. ಹಾಲು ಕಱೆಯುವ ‘ಕಱ’ಕ್ಕೂ ದಡವಾದ ‘ಕರೈ’ಗೂ ಅಕ್ಷರ ಬೇರೆ. ಯಾವುದಾದರೂ ಕನ್ನಡ ಪದದಲ್ಲಿ ಮೂಲತಃ ಇದ್ದದ್ದು ಳಕಾರವೋ ೞಕಾರವೋ ಎಂಬ ಸಂಶಯ ಬಂದರೆ ಅದರ ತಮಿಳು ಜ್ಞಾತಿಯನ್ನು ನೆನೆಯಿರಿ, ಆಮೇಲೆ ಕಿಟ್ಟೆಲರ ನಿಘಂಟನ್ನು ತೆರೆಯಿರಿ. 1894ರಲ್ಲಿ ಪ್ರಕಟವಾದ ಆ ನಿಘಂಟಿನಲ್ಲಿ ಒಂದೇ ರೂಪದ ಬೇರೆ ಬೇರೆ ಪದಗಳಿಗೆ ಬೇರೆ ಬೇರೆ ಅಂಕೆ ಕೊಟ್ಟಿರುವುದನ್ನು ಕಾಣುವಿರಿ. ನಿಮ್ಮ ಊರಿನ ಹೆಸರೇ ಒಂದು ಪಾಠ. ‘ಕೊಳ’ದ ‘ಊರು’ ಎಂದು ಅದನ್ನು ಬಿಡಿಸಬಹುದು. ನಡುವೆ ಬಂದ ‘ತ್ತು’ ತಮಿಳಿನ ವಿಭಕ್ತಿಪೂರ್ವ ಆಗಮ. ಕನ್ನಡದ ‘ಕೊಳದ’ ಎಂಬಲ್ಲಿಯ ದಕಾರವನ್ನು ಅದರ ಪಕ್ಕದಲ್ಲಿಟ್ಟು ನೋಡಿರಿ.

ಈಗ ಮುಖ್ಯ ಪ್ರಶ್ನೆ: ಸತ್ತವರ ಲೆಕ್ಕದ ‘ಟೋಲ್’ಗೆ ಕನ್ನಡವೇನು? ಪತ್ರಿಕೆಗಳು ಎರಡು ದಾರಿ ಹಿಡಿಯುತ್ತವೆ. ‘ಸತ್ತವರ ಸಂಖ್ಯೆ ಐದಕ್ಕೆ ಏರಿಕೆ’ ಎಂಬುದು ಒಂದು. ‘ಅಪಘಾತಕ್ಕೆ ಐವರು ಬಲಿ’ ಎಂಬುದು ಇನ್ನೊಂದು. ಮರಾಠಿ ಪತ್ರಿಕೆಗಳಲ್ಲಿಯೂ ‘ಪಾಚ್ ಬಳೀ’ ಎಂದು ಇದೇ ಪದ. ‘ಬಲಿ’ ಎಂದೊಡನೆ ನಮಗೆ ನೆನಪಾಗುವುದು ದೇವತೆಗೆ ಕೊಡುವ ಬಲಿ, ಕೋಳಿ, ಕುರಿ. ಆದರೆ ಸಂಸ್ಕೃತದಲ್ಲಿ ‘ಬಲಿ’ ಎಂಬುದಕ್ಕೆ ಪ್ರಾಚೀನ ಕಾಲದಿಂದಲೂ ಇನ್ನೊಂದು ಅರ್ಥವಿದೆ: ಪ್ರಜೆಗಳು ಅರಸನಿಗೆ ಒಪ್ಪಿಸುವ ಕಾಣಿಕೆ, ಅಂದರೆ ತೆರಿಗೆ! ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಅಶೋಕನು ಬುದ್ಧನ ಜನ್ಮಸ್ಥಳವಾದ ಲುಂಬಿನಿಗೆ ಹೋದಾಗ ಆ ಹಳ್ಳಿಯನ್ನು ಬಲಿಯಿಂದ ಮುಕ್ತಗೊಳಿಸಿದನೆಂದು ಅಲ್ಲಿಯ ಸ್ತಂಭಶಾಸನ ಹೇಳುತ್ತದೆ. ಅಲ್ಲಿ ಬರುವ ಪದ ‘ಉಬಲಿಕೆ’. ಅವನು ಬಿಟ್ಟುಕೊಟ್ಟದ್ದು ತೆರಿಗೆಯನ್ನು. ಕಾಳಿದಾಸನ ‘ರಘುವಂಶ’ದ ಮೊದಲನೆಯ ಸರ್ಗದಲ್ಲಿ ದಿಲೀಪನು ಪ್ರಜೆಗಳಿಂದ ಬಲಿಯನ್ನು ಪಡೆಯುತ್ತಿದ್ದುದು ಅವರ ಏಳಿಗೆಗಾಗಿಯೇ ಎಂದು ಬರುವಾಗಲೂ ಅರ್ಥ ತೆರಿಗೆಯೆಂದೇ.

ಎರಡು ಭಾಷೆಗಳಲ್ಲಿ, ಪರಸ್ಪರ ಸಂಬಂಧವಿಲ್ಲದೆ, ತೆರಿಗೆಯ ಪದವೇ ಸತ್ತವರ ಲೆಕ್ಕದ ಪದವಾಯಿತು. ಇಂಗ್ಲಿಷಿನಲ್ಲಿ ಗಿರಣಿಯವನ ಪಾಲಿನ ಮೂಲಕ, ನಮ್ಮಲ್ಲಿ ದೇವತೆಯ ನೈವೇದ್ಯದ ಮೂಲಕ. ತನಗಿಂತ ಬಲವಾದದ್ದು ತನ್ನವರಲ್ಲಿ ಕೆಲವರನ್ನು ಕಿತ್ತುಕೊಂಡಾಗ, ಅರಸನಿಗೋ ಊರಮ್ಮನಿಗೋ ಸಲ್ಲಬೇಕಾದುದು ಸಂದಿತು ಎಂದು ಭಾವಿಸುವುದು ಮನುಷ್ಯನಿಗೆ ಒಂದು ಬಗೆಯ ಸಮಾಧಾನವಾಗಿದ್ದಿರಬಹುದು. ‘ಹೊಳೆ ವರ್ಷಕ್ಕೊಂದು ಬಲಿ ಬೇಡುತ್ತದೆ’ ಎಂಬ ಹಳ್ಳಿಯ ಮಾತಿನ ಹಿಂದೆ ಇರುವುದು ಇದೇ.

ಈ ಸಮಾಧಾನದಲ್ಲಿಯೇ ಅಪಾಯವೂ ಇದೆ. ‘ಬಲಿ’ ಎಂದಾಗ ಕೊಂಡವನೊಬ್ಬನಿದ್ದಾನೆ, ಅವನು ದೇವರೋ ವಿಧಿಯೋ, ಪ್ರಶ್ನಿಸುವಂತಿಲ್ಲ ಎಂಬ ಧ್ವನಿ ಬರುತ್ತದೆ. ತೊಪ್ಪೂರಿನ ಇಳಿಜಾರಿನಲ್ಲಿ ಬ್ರೇಕು ಕೆಟ್ಟ ಲಾರಿ ಹಾಯ್ದು ಐವರು ಸತ್ತರೆ ಅವರು ಯಾವ ದೇವತೆಗೂ ಸಂದವರಲ್ಲ. ರಸ್ತೆಯನ್ನು ಕಟ್ಟಿದವರು, ಲಾರಿಯನ್ನು ಓಡಿಸಿದವರು, ಅದಕ್ಕೆ ಹೊರಲಾರದಷ್ಟು ಹೇರಿದವರು ಇದ್ದಾರೆ. ಆದುದರಿಂದ ವರದಿಯನ್ನು ಅನುವಾದಿಸುವಾಗ ‘ಸತ್ತವರ ಸಂಖ್ಯೆ’ ಎಂಬ ಬರಿಯ ಮಾತನ್ನೇ ಬಳಸಬೇಕೆಂದು ನಾನು ಹೇಳುತ್ತೇನೆ. ‘ಮರಣಮೃದಂಗ’ ಮೊದಲಾದ ಪದಗಳು ತಲೆಬರಹಕ್ಕೆ ಸದ್ದು ಕೊಡುತ್ತವೆ, ಸತ್ತವರಿಗೆ ಗೌರವವನ್ನು ಕೊಡುವುದಿಲ್ಲ. ಕವಿತೆಯಲ್ಲಿ, ಕತೆಯಲ್ಲಿ, ಕಿತ್ತುಕೊಂಡ ಕೈಯನ್ನು ತೋರಿಸಬೇಕಾದಲ್ಲಿ ‘ಬಲಿ’ಯು ‘ಟೋಲ್’ಗೆ ಸರಿಮಿಗಿಲಾದ ಪದ. ಗಂಟೆಯ ‘ಟೋಲ್’ಗಾದರೆ ನಮ್ಮಲ್ಲಿ ಒಂದೇ ಪದವಿಲ್ಲ. ‘ಸಾವಿನ ಗಂಟೆ ಒಂದೊಂದಾಗಿ ಬಡಿಯಿತು’ ಎಂದು ಬಿಡಿಸಿ ಹೇಳಬೇಕು. ಶವದ ಮುಂದೆ ದಾಸಯ್ಯನು ಊದುವ ಶಂಖ, ಬಾರಿಸುವ ಜಾಗಟೆ ನಮಗೆ ಆ ಗಂಟೆಯ ಸ್ಥಾನದಲ್ಲಿವೆ. ಹಾಗೆಂದು ಚರ್ಚಿನ ಗೋಪುರದಲ್ಲಿ ಜಾಗಟೆಯನ್ನು ತೂಗಿಸಬಾರದು.

ಮುಂದಿನ ತರಗತಿಗೆ ಒಂದು ಅಭ್ಯಾಸ. ಮೇಟ್ಟೂರು ಅಣೆಕಟ್ಟೆಯನ್ನು 1925ರಿಂದ 1934ರವರೆಗೆ ಕಟ್ಟಿದರು. ಆಗ ಕಾವೇರಿಯ ಹಿನ್ನೀರಿನಲ್ಲಿ ಹಲವು ಹಳ್ಳಿಗಳು ಮುಳುಗಿದವು. ಬೇಸಗೆಯಲ್ಲಿ ಜಲಾಶಯದ ಮಟ್ಟ ಬಹಳ ಇಳಿದಾಗ ಕೊಳತ್ತೂರಿನ ಸಮೀಪದ ಪಣ್ಣವಾಡಿಯ ಬಳಿ ಮುಳುಗಡೆಯಾದ ಚರ್ಚಿನ ಜೋಡಿಗೋಪುರವೂ ಜಲಕಂಠೇಶ್ವರ ದೇವಾಲಯದ ನಂದಿಯೂ ನೀರಿನಿಂದ ಮೇಲೆದ್ದು ಕಾಣುತ್ತವೆ. ಇದರ ಬಗೆಗೆ ಇಂಗ್ಲಿಷಿನಲ್ಲಿ ಒಂದು ಪುಟ ಬರೆಯುವವನಿಗೆ ‘ಟೋಲ್’ ಎಂಬ ಒಂದೇ ಪದ ಮೂರು ಕಡೆ ಒದಗೀತು: ಆ ಗೋಪುರದಲ್ಲಿ ಒಂದು ಕಾಲಕ್ಕೆ ಬಾರಿಸಿದ್ದಿರಬಹುದಾದ ಗಂಟೆಗೆ, ಅಣೆಕಟ್ಟೆಯು ಆ ಹಳ್ಳಿಗಳಿಂದ ಕಿತ್ತುಕೊಂಡ ಪಾಲಿಗೆ, ಇಂದು ಅದನ್ನು ನೋಡಲು ಹೆದ್ದಾರಿಯಲ್ಲಿ ಬರುವವರು ತೆರುವ ಹಣಕ್ಕೆ. ಅಂಥ ಪುಟವನ್ನು ಕನ್ನಡಿಸಬೇಕಾಗಿ ಬಂದರೆ ಈ ಮೂರು ಕಡೆಗಳಲ್ಲಿ ಯಾವ ಮೂರು ಪದಗಳನ್ನು ಇಡುವಿರಿ, ಏಕೆ ಎಂಬುದನ್ನು ಒಂದು ಪುಟಕ್ಕೆ ಮೀರದಂತೆ ಬರೆದು ತರತಕ್ಕದ್ದು. ಎರಡನೆಯ ಕಡೆಯಲ್ಲಿ ‘ಬಲಿ’ ಎಂದು ಬರೆಯುವವರು, ಅದನ್ನು ಕೊಂಡವರು ಯಾರೆಂದೂ ಬರೆಯಬೇಕು.